ಕೋವಿಡ್ ನಂತರ ಮನಸ್ಸಿನ ಆರೋಗ್ಯ: ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಸಂಘದ ಸಭೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬಸ್ ಕಾಯುವಾಗ ಜನ ಕೇಳಿದ ಪ್ರಶ್ನೆಗಳು ಇವು. ಕೆಲವು ಕಾಗದದಲ್ಲಿ ಬಂದವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಮನಸ್ಸಿನ ತೊಂದರೆ ಇರುವವರ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರುವ ಕೆಲಸ ಮಾಡುವವಳು. ಇಷ್ಟು ದಿನದ ಓಡಾಟದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದು: ನಮ್ಮ ರಾಜ್ಯದಲ್ಲಿ ಸಹಾಯ ಜನ ಅಂದುಕೊಂಡಿದ್ದಕ್ಕಿಂತ ಹತ್ತಿರದಲ್ಲೇ ಇದೆ. ಮೊದಲ ಸಲ ಅಲ್ಲಿಗೆ ಜೊತೆಯಲ್ಲಿ ಬರುವವರೇ ಸಿಗುವುದಿಲ್ಲ.

## ಮೊದಲು ಕೇಳುವುದು

ಕೊರೊನಾ ಹೋಗಿ ಎಷ್ಟೋ ವರ್ಷ ಆಯ್ತು. ಈಗಲೂ ಅದರದ್ದೇ ಮಾತು ಯಾಕೆ?

ಸೋಂಕು ಹೋಯಿತು, ಅದು ತಂದಿಟ್ಟ ಕಷ್ಟ ಹೋಗಲಿಲ್ಲ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಅಂಗಡಿ ಮುಚ್ಚಿ ಸಾಲ ಮಾಡಿದವರು ಈಗಲೂ ಬಡ್ಡಿ ಕಟ್ಟುತ್ತಿದ್ದಾರೆ. ಬೆಂಗಳೂರು ಬಿಟ್ಟು ಊರಿಗೆ ಬಂದ ಹುಡುಗರಲ್ಲಿ ಕೆಲವರು ವಾಪಸ್ ಹೋಗಲೇ ಇಲ್ಲ, ಇಲ್ಲಿ ಕೆಲಸವೂ ಹಿಡಿಯಲಿಲ್ಲ. ಮನೆಯ ದುಡಿಯುವ ಕೈ ಹೋದ ಕುಟುಂಬಗಳ ಕಥೆಯಂತೂ ಹೇಳುವುದೇ ಬೇಡ.

ಕೋವಿಡ್‌ನ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಖಿನ್ನತೆ ಮತ್ತು ಆತಂಕದ ತೊಂದರೆ ಸುಮಾರು ಶೇ 25ರಷ್ಟು ಹೆಚ್ಚಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಅದಕ್ಕೂ ಮೊದಲು ಎಲ್ಲ ಸರಿ ಇತ್ತು ಅಂತಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿತ್ತು. ವಯಸ್ಕರಲ್ಲಿ ಶೇ 10.6ರಷ್ಟು ಜನಕ್ಕೆ ಆಗ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಂಥ ಕಡೆ ಕೋವಿಡ್ ಬಂದು ಕೂತಿತು.

ಬೇಜಾರು ಎಲ್ಲರಿಗೂ ಆಗುತ್ತೆ ಅಲ್ವಾ? ಯಾವಾಗ ಅದನ್ನ ಕಾಯಿಲೆ ಅಂತ ಅಂದ್ಕೋಬೇಕು?

ಡಾಕ್ಟರುಗಳು ಮೊದಲು ನೋಡುವುದು ಎರಡು ವಾರದ ಲೆಕ್ಕ. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು, ಅಥವಾ ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸೆ ಇಲ್ಲದಿರುವುದು. ಇದು ಎರಡು ವಾರ ಬಿಡದೆ ಇದ್ದು, ಜೊತೆಗೆ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ತೋರಿಸಬೇಕು.

ಹಳ್ಳಿಯಲ್ಲಿ ನಾನು ಬೇರೆ ಥರ ಕೇಳುತ್ತೇನೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲವೇ? ದಿನಾ ಹಾಲು ಹಾಕಲು ಡೈರಿಗೆ ಹೋಗುತ್ತಿದ್ದವರು ಈಗ ಮಗನನ್ನೇ ಕಳಿಸುತ್ತಿದ್ದಾರೆಯೇ? ಮದುವೆ ಮನೆಗೆ ಕರೆದರೂ ಹೋಗುತ್ತಿಲ್ಲವೇ? ತಲೆ ಬಾಚುವುದೂ ಬೇಡ ಅನ್ನಿಸುತ್ತಿದೆಯೇ? ಬಾಯಲ್ಲಿ ಬೇಜಾರು ಅಂತ ಹೇಳದವರೂ ಇದಕ್ಕೆ ಹೌದು ಅನ್ನುತ್ತಾರೆ.

ನಮ್ಮ ಅಮ್ಮಂಗೆ ಮೈಕೈ ನೋವು, ಎದೆ ಡವಡವ, ಹೊಟ್ಟೆ ಉರಿ. ಎಲ್ಲಾ ಟೆಸ್ಟೂ ನಾರ್ಮಲ್. ಮನಸ್ಸಿನದು ಅಂದ್ರು. ಹಾಗಾದ್ರೆ ಅಮ್ಮ ಸುಮ್ನೆ ಹೇಳ್ತಾರಾ?

ಇಲ್ಲ. ನೋವು ನಿಜವಾದ ನೋವೇ. ಆತಂಕ ಇದ್ದಾಗ ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಹೊಟ್ಟೆ ಕೆಡುತ್ತದೆ. ನಮ್ಮ ಕಡೆ ಹೆಂಗಸರು ಮನಸ್ಸಿನ ಸಂಕಟವನ್ನು ಮೈಯಿನ ನೋವಾಗಿಯೇ ಹೇಳುವುದು ಜಾಸ್ತಿ. ಮೈ ನೋವಿಗಾದರೆ ಆಸ್ಪತ್ರೆಗೆ ಹೋಗಲು ಮನೆಯಲ್ಲಿ ಬಿಡುತ್ತಾರೆ, ಮನಸ್ಸಿನ ನೋವಿಗೆ ಯಾರು ಬಿಡುತ್ತಾರೆ ಹೇಳಿ.

ನಾನು ಜೊತೆಯಲ್ಲಿ ಹೋದ ಒಬ್ಬ ತಾಯಿಯ ಹತ್ತಿರ ಪ್ಲಾಸ್ಟಿಕ್ ಚೀಲ ತುಂಬ ರಿಪೋರ್ಟ್‌ಗಳಿದ್ದವು. ಇಸಿಜಿ, ಸ್ಕ್ಯಾನಿಂಗ್, ಎಂಡೋಸ್ಕೋಪಿ, ಎಲ್ಲಾ ಸಾಲ ಮಾಡಿ ಮಾಡಿಸಿದ್ದು. ಚೀಲದೊಳಗೆ ಎಲ್ಲಿ ಹುಡುಕಿದರೂ ನಿದ್ದೆ ಬರುತ್ತದಾ ಎಂದು ಯಾರಾದರೂ ಕೇಳಿ ಬರೆದ ಒಂದು ಸಾಲು ಇರಲಿಲ್ಲ. ಆ ದಿನ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು. ಆಕೆ ಅಳಲು ಶುರು ಮಾಡಿದರು.

ಟೆಸ್ಟ್ ನಾರ್ಮಲ್ ಬಂದರೆ "ಏನೂ ಇಲ್ಲ ಬಿಡಮ್ಮ" ಎಂದು ಮಾತ್ರ ಹೇಳಬೇಡಿ. ಮನಸ್ಸಿನ ಡಾಕ್ಟರನ್ನು ಕಾಣಿ.

ಕೋವಿಡ್ ಬಂದು ಹೋದ ಮೇಲೆ ಮರೆವು, ಸುಸ್ತು. ಇದೂ ಮನಸ್ಸಿನದ್ದಾ?

ಎರಡೂ ಇರಬಹುದು. ಕೋವಿಡ್ ಆದ ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು, ತಲೆ ಮಂಕು ಕವಿದಂತಾಗುವುದು, ನಿದ್ದೆ ಕೆಡುವುದು ಉಳಿಯುತ್ತದೆ. ಥೈರಾಯ್ಡ್, ರಕ್ತ ಕಡಿಮೆ ಇರುವುದು, ಬಿ12 ಕೊರತೆಯಲ್ಲೂ ಹೀಗೆಯೇ ಆಗುತ್ತದೆ. ಮೊದಲು ಅವನ್ನು ಪರೀಕ್ಷೆ ಮಾಡಿಸಿ.

ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್. ಯಾರ ಹತ್ರ ಹೋಗ್ಬೇಕು?

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೆಯುತ್ತಾರೆ. ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಕೇಳಲು ಹಿಂಜರಿಯಬೇಡಿ. ಕೌನ್ಸೆಲರ್ ಅಂದರೆ ಆಪ್ತ ಸಮಾಲೋಚಕರು. ಈ ಹೆಸರಿನ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳುತ್ತಿದ್ದಾರೆ, ಅದಕ್ಕೇ ಓದು, ಅನುಭವ ವಿಚಾರಿಸಿ. ಯಾರು ಅಂತ ಗೊತ್ತಾಗದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ಶುರು ಮಾಡಿ. ಅಲ್ಲಿಂದ ಮುಂದೆ ಯಾರು ಬೇಕೋ ಅವರ ಹತ್ತಿರ ಕಳಿಸುತ್ತಾರೆ.

## ಸಹಾಯ ಎಲ್ಲಿದೆ

14416ಕ್ಕೆ ಫೋನ್ ಮಾಡಿದ್ರೆ ನಿಜವಾಗ್ಲೂ ಯಾರಾದ್ರೂ ಮಾತಾಡ್ತಾರಾ? ನಮ್ಮ ಹೆಸರು ಎಲ್ಲಾ ಕಡೆ ಗೊತ್ತಾಗಲ್ವಾ?

ಇದು ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸೇ. ದಿನದ 24 ಗಂಟೆಯೂ ಇರುತ್ತದೆ, ಕರೆಗೆ ದುಡ್ಡಿಲ್ಲ. ಮೊದಲು ರೆಕಾರ್ಡ್ ಮಾಡಿದ ಧ್ವನಿ ಬರುತ್ತದೆ, ಭಾಷೆ ಆರಿಸಲು ಹೇಳುತ್ತದೆ. ಕನ್ನಡ ಒತ್ತಿ. ಇಲ್ಲಿ ಬಹಳ ಜನ ಗಾಬರಿಯಾಗಿ ಫೋನ್ ಇಟ್ಟುಬಿಡುತ್ತಾರೆ. ಇಡಬೇಡಿ, ಸ್ವಲ್ಪ ಕಾಯಿರಿ. ಆಮೇಲೆ ತರಬೇತಿ ಆದ ಆಪ್ತ ಸಮಾಲೋಚಕರು ಮಾತಾಡುತ್ತಾರೆ. ಅವರಿಂದ ಆಗದಿದ್ದರೆ ಮನೋವೈದ್ಯರಿಗೆ ಕೊಡುತ್ತಾರೆ. ನೇರವಾಗಿ ಆಸ್ಪತ್ರೆಗೆ ಹೋಗಬೇಕು ಅನ್ನಿಸಿದರೆ ಹತ್ತಿರದ್ದು ಯಾವುದು ಎಂದು ತಿಳಿಸುತ್ತಾರೆ.

ಗುಟ್ಟಿನ ಬಗ್ಗೆ ಭಯ ಬೇಡ. ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಮನೆಯವರ ಪರವಾಗಿಯೂ ಫೋನ್ ಮಾಡಬಹುದು. "ನನ್ನ ತಮ್ಮ ಹೀಗಿದ್ದಾನೆ, ಏನು ಮಾಡಲಿ" ಎಂದು ಕೇಳುವವರೂ ಇದ್ದಾರೆ.

ಒಂದು ಸಣ್ಣ ಸಲಹೆ: ಮನೆಯಲ್ಲಿ ಎಲ್ಲರ ಎದುರು ಮಾತಾಡಲು ಆಗದಿದ್ದರೆ ಹೊಲಕ್ಕೋ ಮಹಡಿಗೋ ಹೋಗಿ ಮಾಡಿ. ಸಂಘದ ಹೆಂಗಸರು ಹೊಲಿಗೆ ಕ್ಲಾಸಿನ ಕೋಣೆಯಲ್ಲಿ ಕೂತು ಮಾತಾಡಿದ್ದನ್ನು ನಾನು ನೋಡಿದ್ದೇನೆ. ಒಬ್ಬರು ಒಳಗೆ, ಒಬ್ಬರು ಬಾಗಿಲಲ್ಲಿ.

ನಮ್ಮದು ಹಳ್ಳಿ. ಬೆಂಗಳೂರಿಗೆಲ್ಲ ಹೋಗೋಕಾಗಲ್ಲ. ಹತ್ರದಲ್ಲಿ ಏನಾದ್ರೂ ಇದ್ಯಾ?

ಇದೆ. ಜನಕ್ಕೆ ಗೊತ್ತಿಲ್ಲದಿರುವುದೇ ನನಗೆ ಬಹಳ ಬೇಸರದ ವಿಷಯ.

ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಇದಲ್ಲದೆ "ಮನೋಚೈತನ್ಯ" ಎಂಬ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೇ ಬರುತ್ತಾರೆ. ಆದರೆ ಎಲ್ಲ ಮಂಗಳವಾರವೂ ನಿಮ್ಮ ತಾಲ್ಲೂಕಿಗೇ ಬರುತ್ತಾರೆ ಅಂತಲ್ಲ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಆಸ್ಪತ್ರೆಗೇ ಫೋನ್ ಮಾಡಿ, ತಿಂಗಳಲ್ಲಿ ಯಾವ ಮಂಗಳವಾರ ಅಂತ ತಿಳಿದುಕೊಂಡು ಹೊರಡಿ. ಇದೊಂದು ವಿಚಾರಿಸದೆ ಬಸ್ ಚಾರ್ಜ್ ಕೊಟ್ಟು ಬರಿಗೈಲಿ ವಾಪಸ್ ಬಂದವರು ಎರಡನೇ ಸಲ ಹೋಗುವುದೇ ಇಲ್ಲ.

ಅಲ್ಲಿ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಭಯ ಕಡಿಮೆಯಾಗಲಿ. ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಬೇಕು. ಆಧಾರ್, ರೇಷನ್ ಕಾರ್ಡ್ ಇಟ್ಟುಕೊಳ್ಳಿ. ಹಳೆಯ ಚೀಟಿ, ಈಗ ತಿನ್ನುತ್ತಿರುವ ಮಾತ್ರೆಯ ಹಾಳೆ ಜೊತೆಯಲ್ಲಿರಲಿ. ಡಾಕ್ಟರ್ ಯಾವಾಗ ಶುರುವಾಯಿತು, ನಿದ್ದೆ ಹೇಗೆ, ಊಟ ಹೇಗೆ, ಕುಡಿಯುವ ಅಭ್ಯಾಸ ಇದೆಯಾ, ಮನೆಯಲ್ಲಿ ಮೊದಲು ಯಾರಿಗಾದರೂ ಹೀಗಾಗಿತ್ತಾ ಎಂದು ಕೇಳುತ್ತಾರೆ. ಜನ ಜಾಸ್ತಿ ಇದ್ದರೆ ಮಾತಿಗೆ ಕೆಲವೇ ನಿಮಿಷ ಸಿಗುತ್ತದೆ. ಅದಕ್ಕೆ ಮುಖ್ಯವಾದ ಮೂರು ಮಾತನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆ ಅಲ್ಲೇ ಔಷಧಿ ವಿಭಾಗದಲ್ಲಿ ಕೊಡುತ್ತಾರೆ. ಮುಂದಿನ ತಾರೀಕು ಬರೆಸಿಕೊಳ್ಳುವುದನ್ನು ಮರೆಯಬೇಡಿ.

ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಅದಕ್ಕೂ ದೊಡ್ಡ ಚಿಕಿತ್ಸೆ ಬೇಕಾದರೆ ನಿಮ್ಹಾನ್ಸ್.

ಖರ್ಚು ಎಷ್ಟಾಗುತ್ತೆ? ಇನ್ಶೂರೆನ್ಸ್ ಬರುತ್ತಾ?

ಜಿಲ್ಲಾ, ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಉಚಿತ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಮನೆಮಠ ಇಲ್ಲದವರಿಗೆ ಸರ್ಕಾರಿ ಚಿಕಿತ್ಸೆ ಉಚಿತವಾಗಿ ಸಿಗಬೇಕೆಂದು 2017ರ ಕಾಯ್ದೆಯಲ್ಲೇ ಇದೆ. ಖಾಸಗಿ ವಿಮೆ ಇದ್ದವರಿಗೆ: ಮೈಯಿನ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳನ್ನೂ ಹೀಗೆ ಸರಿಪಡಿಸಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಹೇಳಿತ್ತು. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ಖರ್ಚನ್ನು ಮಾತ್ರ ಕೊಡುತ್ತವೆ. ವಾರ ವಾರ ಕೌನ್ಸೆಲಿಂಗ್‌ಗೆ ಹೋಗುವ ಫೀಸು ಬರುತ್ತದಾ ಎಂದು ಪಾಲಿಸಿ ಓದಿ ನೋಡಿ.

ಒಂದ್ಸಲ ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ತಿನ್ನಬೇಕಂತೆ, ನಿದ್ದೆ ಮಾತ್ರೆ ಅಂತೆ, ಚಟ ಆಗುತ್ತಂತೆ. ನಿಜವಾ?

ಈ ಒಂದು ಭಯದಿಂದ ಅರ್ಧಕ್ಕೆ ಬಿಟ್ಟವರು ಎಷ್ಟೋ ಜನ. ಖಿನ್ನತೆಗೆ ಕೊಡುವ ಮಾತ್ರೆ ಬೇರೆ, ನಿದ್ದೆ ಮಾತ್ರೆ ಬೇರೆ. ಖಿನ್ನತೆಯ ಮಾತ್ರೆಯಿಂದ ಚಟ ಆಗುವುದಿಲ್ಲ. ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಮೊದಲ ವಾರದಲ್ಲಿ ಹೊಟ್ಟೆ ತೊಳಸುವುದು, ತಲೆನೋವು ಬರಬಹುದು. ಗುಣ ಕಾಣುವ ಮೊದಲೇ ಈ ತೊಂದರೆ ಕಾಣುವುದರಿಂದ "ಈ ಮಾತ್ರೆ ನನಗೆ ಆಗಿಬರಲ್ಲ" ಎಂದು ಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಡಾಕ್ಟರಿಗೆ ಹೇಳಿ. ಹುಷಾರಾದ ಮೇಲೂ ಸುಮಾರು ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಕಡಿಮೆ ಮಾಡುವುದು ವಾಡಿಕೆ. ಮತ್ತೆ ಮತ್ತೆ ಬರುವ ಕಾಯಿಲೆಗೆ, ಸ್ಕಿಜೋಫ್ರೇನಿಯಾದಂಥ (ಇಲ್ಲದ ಮಾತು ಕೇಳಿಸುವ, ಭ್ರಮೆ ಕಾಡುವ) ಕಾಯಿಲೆಗೆ ಹೆಚ್ಚು ಕಾಲ ಬೇಕಾಗುತ್ತದೆ.

ಚಟ ಆಗಬಹುದಾದದ್ದು ಕೆಲವು ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳಿಂದ. ಅವನ್ನು ಡಾಕ್ಟರ್ ಹೇಳಿದಷ್ಟೇ ದಿನ ತೆಗೆದುಕೊಳ್ಳಿ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತರಿಸಿಕೊಳ್ಳುವುದನ್ನು ನಿಲ್ಲಿಸಿ.

ಯೋಗ, ವಾಕಿಂಗ್ ಮಾಡಿದ್ರೆ ಸಾಕಲ್ವಾ?

ಸಣ್ಣ ಮಟ್ಟದ ತೊಂದರೆಗೆ ಒಳ್ಳೆಯದೇ. ಹಾಸಿಗೆಯಿಂದ ಏಳಲೇ ಆಗದವರಿಗೆ "ವಾಕಿಂಗ್ ಹೋಗು" ಅನ್ನುವುದು ಸಹಾಯ ಅಲ್ಲ.

## ಮನೆಯೊಳಗೆ

ಅಪ್ಪ ಎರಡನೇ ಅಲೆಯಲ್ಲಿ ಹೋದ್ರು. ಮುಖ ಕೂಡ ನೋಡೋಕೆ ಬಿಡ್ಲಿಲ್ಲ. ಈಗಲೂ ನೆನಪಾದ್ರೆ ಊಟ ಸೇರಲ್ಲ. ಇದು ಸರಿ ಹೋಗುತ್ತಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೂ ಮಾತು ಕಟ್ಟುತ್ತದೆ. 2021ರ ಏಪ್ರಿಲ್, ಮೇ ತಿಂಗಳನ್ನು ಕರ್ನಾಟಕದಲ್ಲಿ ಯಾರು ಮರೆಯುತ್ತಾರೆ? ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ 24 ಜನ ತೀರಿಕೊಂಡರು, ಆಮ್ಲಜನಕದ ಕೊರತೆಯ ಆ ರಾತ್ರಿ. ಬೆಂಗಳೂರಿನಲ್ಲಿ ಯಾರೂ ಪಡೆಯಲು ಬಾರದ ಅಸ್ಥಿಗಳನ್ನು ಸರ್ಕಾರವೇ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು. ನಮ್ಮಲ್ಲಿ ಸಾವು ಒಬ್ಬರ ದುಃಖವಾಗಿ ಉಳಿಯುವುದಿಲ್ಲ. ನೆಂಟರು ಬರುತ್ತಾರೆ, ತಲೆ ಮೇಲೆ ಕೈಯಿಡುತ್ತಾರೆ, ಮೂರನೇ ದಿನ, ಹನ್ನೊಂದನೇ ದಿನ, ತಿಥಿ ಎಂದು ಮನೆ ತುಂಬುತ್ತದೆ, ಸತ್ತವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದು ಯಾವುದೂ ಆಗಲಿಲ್ಲ. ಸುತ್ತಿದ ಚೀಲ, ದೂರದಿಂದ ಕೈಮುಗಿದದ್ದು, ಮನೆಗೆ ಬಂದರೆ ಕ್ವಾರಂಟೈನ್. ಎಷ್ಟೋ ಜನರ ದುಃಖ ಅಲ್ಲೇ ನಿಂತುಬಿಟ್ಟಿದೆ.

ಸಾಮಾನ್ಯವಾಗಿ ದುಃಖ ದಿನ ಕಳೆದಂತೆ ಮೊನಚು ಕಳೆದುಕೊಳ್ಳುತ್ತದೆ. ಆರು ತಿಂಗಳು ದಾಟಿದರೂ ದಿನವೂ ಅದೇ ತೀವ್ರತೆಯಲ್ಲಿದ್ದು ಬದುಕನ್ನು ತಡೆಹಿಡಿದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲೂ ಇದು ಸೇರಿದೆ. ಚಿಕಿತ್ಸೆ ಅಂದರೆ ಮುಖ್ಯವಾಗಿ ಮಾತು. "ನಾನು ಇನ್ನೊಂದು ಆಸ್ಪತ್ರೆಗೆ ಹಾಕಿದ್ದರೆ ಬದುಕುತ್ತಿದ್ದರು" ಎಂಬ ಪಾಪಪ್ರಜ್ಞೆ ಬಹಳ ಜನರಲ್ಲಿದೆ. ಬೆಡ್ಡೇ ಇಲ್ಲದ ದಿನಗಳಲ್ಲಿ ನೀವು ಮಾಡಿದ ನಿರ್ಧಾರ ಅದು. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಒಬ್ಬರು ಬೇಕು.

ಕೆಲವು ಕುಟುಂಬಗಳು ಆಗ ಬಿಟ್ಟುಹೋದದ್ದನ್ನು ಈಗ ಮಾಡಿವೆ. ವರ್ಷದ ತಿಥಿಗೆ ಎಲ್ಲ ನೆಂಟರನ್ನೂ ಕರೆದು, ಊಟ ಹಾಕಿ, ಪ್ರತಿಯೊಬ್ಬರೂ ಹೋದವರ ಬಗ್ಗೆ ಒಂದೊಂದು ನೆನಪು ಹೇಳುವುದು. ತಡವಾಯಿತು ಅಂತ ಯೋಚಿಸಬೇಡಿ, ಮಾಡಿ.

ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯದ ಬಾಲ ಸೇವಾ ಯೋಜನೆ ಮತ್ತು ಕೇಂದ್ರದ ಪಿಎಂ ಕೇರ್ಸ್ ನೆರವು 2021ರಲ್ಲಿ ಬಂದವು. ನಿಮ್ಮ ಊರಿನಲ್ಲಿ ಅಂಥ ಮಗು ಇದ್ದರೆ ದುಡ್ಡು ಬರುತ್ತಿದೆಯಾ ಎಂದಷ್ಟೇ ವಿಚಾರಿಸಬೇಡಿ. ಆ ಮಗು ಯಾರ ಹತ್ತಿರ ಅಳುತ್ತದೆ ಎಂದೂ ನೋಡಿ.

ನಮ್ಮ ಮಗಾ ಆನ್‌ಲೈನ್ ಕ್ಲಾಸ್ ಆದಾಗಿಂದ ಯಾರ ಜೋಡಿನೂ ಮಾತಾಡವಲ್ಲ. ಬರೇ ಮೊಬೈಲ್ ಹಿಡ್ಕೊಂಡ್ ಕೂಡತಾನ. ಏನ್ ಮಾಡೂದು?

ನಮ್ಮ ರಾಜ್ಯದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಯವರಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷಕ್ಕೂ ಜಾಸ್ತಿ. ಅಕ್ಷರ ಕಲಿಯುವ, ಗೆಳೆಯರ ಜೊತೆ ಜಗಳ ಆಡಿ ರಾಜಿ ಆಗುವ ವಯಸ್ಸು ಅದು. ಕಲಿಕೆ ಹಿಂದೆ ಬಿದ್ದ ಮಗು ಕ್ಲಾಸಿನಲ್ಲಿ ನಾಚಿಕೆಪಟ್ಟುಕೊಳ್ಳುತ್ತದೆ, ನಾಚಿಕೆ ತಪ್ಪಿಸಿಕೊಳ್ಳಲು ಮೊಬೈಲಿಗೆ ಹೋಗುತ್ತದೆ. ಹಾಗಾಗಿ ಮೊಬೈಲ್ ಕಿತ್ತುಕೊಳ್ಳುವ ಮೊದಲು ಓದಲು ಬರುತ್ತಿದೆಯಾ ನೋಡಿ. ಮೇಷ್ಟ್ರ ಜೊತೆ ಮಾತಾಡಿ. ದಿನಕ್ಕೆ ಒಂದು ಹೊತ್ತು, ಊಟದ ಹೊತ್ತು, ಮನೆಯಲ್ಲಿ ಯಾರೂ ಮೊಬೈಲ್ ಮುಟ್ಟದಿರಿ, ಅಪ್ಪನೂ ಸೇರಿ. ನಿದ್ದೆ, ಊಟ ಕೆಟ್ಟಿದ್ದರೆ, ಶಾಲೆ ಹೆಸರೆತ್ತಿದರೆ ಹೊಟ್ಟೆನೋವು ಅಂದರೆ, ಕೈ ಮೇಲೆ ಗಾಯ ಮಾಡಿಕೊಂಡಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮಕ್ಕಳ ಸಹಾಯವಾಣಿ 1098.

ಮಕ್ಕಳೆಲ್ಲ ಹೊರಗಡೆ ಇದ್ದಾರೆ. ಮನೇಲಿ ನಾವಿಬ್ರೇ. ಕೋವಿಡ್ ಆದ ಮೇಲೆ ಹೊರಗೆ ಹೋಗೋಕೇ ಮನಸ್ಸಿಲ್ಲ.

ವಯಸ್ಸಾದವರಿಗೆ 14567 ಎಂಬ ಸಹಾಯವಾಣಿ ಇದೆ. ಅದಕ್ಕಿಂತ ಮೊದಲು ನಿಮ್ಮ ಬೀದಿಯ ಒಂದು ಮನೆಯ ಜೊತೆ ದಿನಾ ಸಂಜೆ ಹತ್ತು ನಿಮಿಷ ಕೂರುವುದು ರೂಢಿ ಮಾಡಿಕೊಳ್ಳಿ. ದೂರದ ಮಕ್ಕಳಿಗೆ ಒಂದು ಮಾತು: ವಿಡಿಯೊ ಕಾಲ್‌ನಲ್ಲಿ "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಆದ ಮೇಲೆ "ಇವತ್ತು ಯಾರ ಜೊತೆ ಮಾತಾಡಿದೆ" ಅಂತಲೂ ಕೇಳಿ.

ತಮ್ಮ ಆಸ್ಪತ್ರೆಗೆ ಬರಲ್ಲ ಅಂತಾನೆ. "ನಂಗೇನ್ ಹುಚ್ಚಾ" ಅಂತ ಜಗಳಕ್ಕೆ ಬರ್ತಾನೆ. ಹೇಗೆ ಕರ್ಕೊಂಡು ಹೋಗೋದು?

ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಮದುವೆಗೆ ಅಂತ ಹೇಳಿ ಆಸ್ಪತ್ರೆಗೆ ಕರೆತಂದರೆ ಎರಡನೇ ಸಲ ಅವನು ನಿಮ್ಮನ್ನು ನಂಬುವುದಿಲ್ಲ. ಅವನಿಗೇ ಕಷ್ಟ ಕೊಡುತ್ತಿರುವುದನ್ನು ಹಿಡಿದು ಮಾತಾಡಿ. "ನಿನಗೆ ಭ್ರಮೆ" ಅಂದರೆ ಕೇಳುವುದಿಲ್ಲ. "ನಾಲ್ಕು ದಿನದಿಂದ ನಿದ್ದೆ ಇಲ್ಲವಲ್ಲ, ಅದಕ್ಕಾದರೂ ತೋರಿಸೋಣ" ಅಂದರೆ ಕೇಳುತ್ತಾನೆ. ಮೊದಲು ಮಾಮೂಲಿ ಡಾಕ್ಟರ ಹತ್ತಿರ ಹೋಗಲು ಒಪ್ಪಬಹುದು. ಅವನು ಗೌರವ ಕೊಡುವ ಒಬ್ಬರು ಇರುತ್ತಾರೆ, ಸೋದರಮಾವನೋ ಕಬಡ್ಡಿ ಗೆಳೆಯನೋ. ಅವರು ಹೇಳಲಿ, ಅವರೇ ಜೊತೆಯಲ್ಲಿ ಬರಲಿ. ಈ ಒಬ್ಬರನ್ನು ಹುಡುಕುವುದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ.

ದೇವಸ್ಥಾನಕ್ಕೆ, ದರ್ಗಾಕ್ಕೆ ಕರ್ಕೊಂಡು ಹೋಗ್ತಿದ್ದೀವಿ. ತಪ್ಪಾ?

ನಂಬಿಕೆ ತಪ್ಪಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ (ಔಷಧಿ) ಮತ್ತು ದುವಾ (ಪ್ರಾರ್ಥನೆ) ಎರಡೂ ಒಟ್ಟಿಗೆ ಸಿಗುವ ವ್ಯವಸ್ಥೆ ಮಾಡಿದರು. ಪ್ರಾರ್ಥನೆ ಮಾಡಿಸುವವರೇ ಜನರನ್ನು ಡಾಕ್ಟರ ಹತ್ತಿರ ಕಳಿಸುತ್ತಾರೆ. ಆದರೆ ಹೊಡೆಯುವುದು, ಉಪವಾಸ ಕೆಡವುವುದು, ಸರಪಳಿ ಹಾಕುವುದು ಎಲ್ಲಿ ನಡೆದರೂ ಅಲ್ಲಿಂದ ಕರೆದುಕೊಂಡು ಬನ್ನಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾ ಹತ್ತಿರ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಕಡೆ ಬೆಂಕಿ ಬಿದ್ದಾಗ 28 ಜನ ಸುಟ್ಟು ಸತ್ತರು, ಸರಪಳಿಯಲ್ಲಿದ್ದರು, ಓಡಲು ಆಗಲಿಲ್ಲ. ಈಗ ಸರಪಳಿ ಹಾಕುವುದನ್ನು ಕಾನೂನೇ ನಿಷೇಧಿಸಿದೆ.

ಅಕ್ಕ "ಬದುಕೋದೇ ಬೇಡ" ಅಂತಾಳೆ. ಅದರ ಬಗ್ಗೆ ಕೇಳಿದ್ರೆ ಇನ್ನೂ ತಲೆಗೆ ಹೋಗುತ್ತಾ? ಪೊಲೀಸ್ ಕೇಸ್ ಆಗುತ್ತಾ?

ಕೇಳುವುದರಿಂದ ಜಾಸ್ತಿ ಆಗುವುದಿಲ್ಲ. ಒಬ್ಬರು ಕೇಳಿದರಲ್ಲ ಎಂದು ಎದೆ ಹಗುರ ಆಗುತ್ತದೆ. ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯಾ ಅಕ್ಕ?" ಹೌದು ಅಂದರೆ ಬೈಯಬೇಡಿ, "ಮಕ್ಕಳ ಮುಖ ನೋಡು" ಅನ್ನಬೇಡಿ. ಆ ಮಾತಿನಿಂದ ಅವಳ ಪಾಪಪ್ರಜ್ಞೆ ಇನ್ನೂ ಜಾಸ್ತಿ ಆಗುತ್ತದೆ. ಪೂರ್ತಿ ಕೇಳಿಸಿಕೊಳ್ಳಿ. ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿರುವ ಮಾತ್ರೆಗಳನ್ನು ಬೀಗದಲ್ಲಿಡಿ, ಅಥವಾ ಪಕ್ಕದ ಮನೆಗೆ ಕೊಡಿ. 14416ಕ್ಕೆ ಅವಳ ಎದುರೇ ಫೋನ್ ಮಾಡಿ. ಏನಾದರೂ ಮಾಡಿಕೊಂಡುಬಿಟ್ಟಿದ್ದರೆ, ಅಥವಾ ಮಾಡಿಕೊಳ್ಳಲು ಹೊರಟಿದ್ದರೆ, ಕಾಯಬೇಡಿ. 108ಕ್ಕೋ 112ಕ್ಕೋ ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಂಡನ ಮನೆಯಲ್ಲಿ ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181.

ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗದೆ ಜೀವ ಕಳೆದುಕೊಂಡವರಿದ್ದಾರೆ. 2017ರ ಕಾಯ್ದೆ ಪ್ರಕಾರ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಕೊಡುವಂತಿಲ್ಲ. ಬದುಕಲು ಇಷ್ಟವಿಲ್ಲದೆ ಪ್ರಯತ್ನಪಟ್ಟವರನ್ನು ಶಿಕ್ಷಿಸುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ದಾಖಲೆ) ಎಂದು ಬರೆದುಕೊಳ್ಳಬಹುದು. ಹೆದರಬೇಡಿ.

ಗಂಡನ ಕುಡಿತ ಲಾಕ್‌ಡೌನ್ ಆದ್ಮೇಲೆ ಜಾಸ್ತಿ ಆಗಿದೆ. ಒಂದೇ ಸಲ ಬಿಡಿಸಬಹುದಾ?

ದಿನಾ ತುಂಬಾ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಜೀವಕ್ಕೂ ಅಪಾಯ. ಡಾಕ್ಟರ ಹತ್ತಿರವೇ ಬಿಡಿಸಿ. ಕುಡಿತ ಬಿಡಿಸುವ ಸಹಾಯವಾಣಿ 14446. ಊಟದಲ್ಲಿ ಗೊತ್ತಾಗದಂತೆ ಪುಡಿ ಬೆರೆಸುವ ಜಾಹೀರಾತನ್ನು ನಂಬಬೇಡಿ.

## ಊರು, ಸಂಘ, ಹಕ್ಕು

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಏನಾದ್ರೂ ಮಾಡ್ಬಹುದಾ? ನಾವೇನು ಡಾಕ್ಟರಲ್ಲ.

ಡಾಕ್ಟರ್ ಆಗಬೇಕಿಲ್ಲ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಪಕ್ಕದ ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಇದ್ದವರ ಜೊತೆ ಮಾತಾಡಿಸಿದರು. ತೀವ್ರ ಖಿನ್ನತೆ ಇದ್ದವರಿಗೂ ಇದರಿಂದ ಗುಣವಾಯಿತು. ಅವರ ವಿಧಾನ ಸರಳ: ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಹಿಡಿಸುವ ಸಣ್ಣ ಕೆಲಸವನ್ನು ಮೊದಲು ಶುರು ಮಾಡಿಸುವುದು.

ನಿಮ್ಮ ಸಂಘದಲ್ಲಿ ಹೀಗೆ ಮಾಡಬಹುದು. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ "ಈ ವಾರ ಯಾರು ಬಂದಿಲ್ಲ, ಯಾಕೆ ಬಂದಿಲ್ಲ" ಎಂದು ಕೇಳಿ. ಎರಡು ಸಭೆ ತಪ್ಪಿಸಿದವರ ಮನೆಗೆ ಇಬ್ಬರು ಹೋಗಿ. ಕಂತು ಕೇಳಲು ಹೋಗಬೇಡಿ, ಸುಮ್ನೆ ಮಾತಾಡಲು ಹೋಗಿ. ಆಸ್ಪತ್ರೆಗೆ ಹೋಗಬೇಕಾದರೆ ಸರದಿಯ ಮೇಲೆ ಒಬ್ಬರು ಜೊತೆಯಾಗಿ. ಅವರ ಮಾತು ಸಂಘದ ಹೊರಗೆ ಹೋಗಬಾರದು. ಈ ಕೊನೆಯದು ತಪ್ಪಿದರೆ ಉಳಿದದ್ದೆಲ್ಲ ಕೆಟ್ಟಂತೆ.

ನಾನು ಆಶಾ ಕಾರ್ಯಕರ್ತೆ. ಕೋವಿಡ್‌ನಲ್ಲಿ ಮನೆ ಮನೆ ತಿರುಗಿದ್ದೀನಿ. ಎಲ್ಲರ ಕಷ್ಟ ಕೇಳಿ ನನಗೇ ನಿದ್ದೆ ಬರಲ್ಲ.

ಮನೆ ಬಾಗಿಲಲ್ಲಿ ಬೈಸಿಕೊಂಡು ಸರ್ವೆ ಮಾಡಿದವರು ನೀವು. ಮನೆಗೆ ಬಂದರೆ "ಸೋಂಕು ತಂದೆ" ಅನ್ನಿಸಿಕೊಂಡವರೂ ನೀವೇ. 14416 ನಿಮಗೂ ಇದೆ. ತಿಂಗಳ ಸಭೆಯಲ್ಲಿ ರಿಪೋರ್ಟ್ ಕೊಟ್ಟ ಮೇಲೆ ಅರ್ಧ ಗಂಟೆ ನೀವು ನೀವೇ ಕೂತು ಮಾತಾಡುವ ಅವಕಾಶವನ್ನು ಮೇಲ್ವಿಚಾರಕರ ಹತ್ತಿರ ಕೇಳಿ ಪಡೆಯಿರಿ. ಊರಿನವರು ಮಾಡಬೇಕಾದದ್ದೂ ಇದೆ: ರಾತ್ರಿ ಹತ್ತಕ್ಕೆ ಸಣ್ಣಪುಟ್ಟದ್ದಕ್ಕೆ ಅವರಿಗೆ ಫೋನ್ ಮಾಡಬೇಡಿ.

ಒಪ್ಪಿಗೆ ಇಲ್ದೆ ಆಸ್ಪತ್ರೆಗೆ ಸೇರಿಸಬಹುದಾ?

ಸಾಮಾನ್ಯವಾಗಿ ಇಲ್ಲ. ತನಗೋ ಬೇರೆಯವರಿಗೋ ಅಪಾಯ ಇದ್ದರೆ, ತನ್ನನ್ನು ತಾನು ನೋಡಿಕೊಳ್ಳಲು ಆಗದಿದ್ದರೆ, ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲುವವರ) ಅರ್ಜಿ ಮೇಲೆ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ, 30 ದಿನದವರೆಗೆ ಸೇರಿಸಬಹುದು. ರೋಗಿಯೂ ಮನೆಯವರೂ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ದೂರು ಕೊಡಬಹುದು. ಚೆನ್ನಾಗಿರುವಾಗಲೇ "ಮುಂದೆ ನನಗೆ ಹೀಗಾದರೆ ಈ ಚಿಕಿತ್ಸೆ ಕೊಡಿ, ಇದು ಬೇಡ, ಇವರನ್ನು ಕೇಳಿ" ಎಂದು ಬರೆದಿಡುವ ಹಕ್ಕೂ ಇದೆ. ಒಂದು ಸಲ ಕಾಯಿಲೆ ಬಂದು ಹೋದವರು ಇದನ್ನು ಬರೆದಿಡಲೇಬೇಕು ಎಂದು ನನ್ನ ಅಭಿಪ್ರಾಯ. ಬೀದಿಯಲ್ಲಿ ಅಲೆಯುತ್ತಿರುವವರನ್ನು ಕಂಡರೆ ಪೊಲೀಸರಿಗೆ ತಿಳಿಸಿ. ಅವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸರ ಕೆಲಸ. ಲಾಕಪ್ಪಿನಲ್ಲಿ ಇಡುವಂತಿಲ್ಲ.

ಮಾತ್ರೆ ತಗೊಂಡು ಹುಷಾರಾಗಿದ್ದಾನೆ. ಆದ್ರೆ ಯಾರೂ ಕೆಲಸ ಕೊಡಲ್ಲ. ಅಂಗವಿಕಲರ ಕಾರ್ಡ್ ಸಿಗುತ್ತಾ?

ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹೋಗಬೇಕು. ಹೆಚ್ಚಿನ ಸೌಲಭ್ಯಕ್ಕೆ ಶೇ 40ರಷ್ಟು ಅಂಗವೈಕಲ್ಯ ಇರಬೇಕು. ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಎಂಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿಗೂ ಮಾಸಾಶನಕ್ಕೂ ಅವರನ್ನು ಹಿಡಿಯಿರಿ. ಕೆಲವು ಜಿಲ್ಲೆಗಳಲ್ಲಿ ಮಾನಸಾಧಾರ ಎಂಬ ಹಗಲು ಕೇಂದ್ರಗಳಿವೆ, ಅಲ್ಲಿ ಕೆಲಸ ಕಲಿಸುತ್ತಾರೆ. ಕೆಲಸ ಕೊಡುವವರಿಗೆ ನಾನು ಹೇಳುವುದಿಷ್ಟೇ: ಮೊದಲ ತಿಂಗಳು ಅರ್ಧ ದಿನ ಕೊಡಿ, ಆಸ್ಪತ್ರೆಯ ತಾರೀಕಿಗೆ ರಜೆ ಕೊಡಿ.

ಗ್ರಾಮಸಭೆಯಲ್ಲಿ ಇದರ ಬಗ್ಗೆ ಏನು ಕೇಳಬೇಕು?

ಬರಿ "ಮಾನಸಿಕ ಆರೋಗ್ಯಕ್ಕೆ ಗಮನ ಕೊಡಿ" ಅಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಗಟ್ಟಿಯಾದ ವಿಷಯ ಕೇಳಿ. ನೆನಪಿಡಿ, ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ನಮ್ಮ ಬಳ್ಳಾರಿಯ ಮಾದರಿಯ ಮೇಲೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು, ಮಾತ್ರೆ ಅಲ್ಲೇ ಸಿಗುವ ಹಾಗೆ ಮಾಡಿ ತೋರಿಸಿದ್ದರು. ಹಳ್ಳಿಯಲ್ಲಿ ಆಗದ ಕೆಲಸ ಇದಲ್ಲ.

ನಾನಾದರೆ ಇವನ್ನು ಕೇಳುತ್ತೇನೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ತಾರೀಕನ್ನು ಪಂಚಾಯ್ತಿ ಬೋರ್ಡಿನಲ್ಲಿ, ಹಾಲಿನ ಡೈರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಬರೆಸಿ. ಜೊತೆಗೆ 14416 ದೊಡ್ಡದಾಗಿ ಇರಲಿ. ನಮ್ಮ ಆರೋಗ್ಯ ಕೇಂದ್ರದಲ್ಲಿ ಈ ಕಾಯಿಲೆಯ ಮಾತ್ರೆ ತಿಂಗಳಲ್ಲಿ ಎಷ್ಟು ದಿನ ಇರಲಿಲ್ಲ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಅಂಗವಿಕಲರಿಗಾಗಿ ಪಂಚಾಯ್ತಿ ಶೇ 5ರಷ್ಟು ಹಣ ಮೀಸಲಿಡಬೇಕು. ಅದರಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಎಷ್ಟು ಹೋಯಿತು ಎಂದು ವಿಚಾರಿಸಿ. ಆಸ್ಪತ್ರೆಗೆ ಹೋಗಿ ಬರುವ ಬಡವರ ಮತ್ತು ಅವರ ಜೊತೆ ಹೋಗುವ ಒಬ್ಬರ ಬಸ್ ಚಾರ್ಜನ್ನು ಆ ಹಣದಲ್ಲಿ ಕೊಡಲು ಆಗುತ್ತದಾ ಎಂದು ಪಿಡಿಒ ಅವರನ್ನು ಕೇಳಿ. ಆಗುವುದಿಲ್ಲ ಅಂದರೆ ಯಾವ ನಿಯಮದ ಪ್ರಕಾರ ಎಂದು ಬರಹದಲ್ಲಿ ಕೇಳಿ ಪಡೆಯಿರಿ, ಮುಂದಿನ ಗ್ರಾಮಸಭೆಗೆ ಅದನ್ನೇ ಹಿಡಿದುಕೊಂಡು ಹೋಗಿ.